ಸಾಂಬ್ರಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಹೊತ್ತು?

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಭೂಮಿಯ ದುಂಡು ಮೈಮೇಲೆ, ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಹೀಗೆ ಅಳೆದರೆ ಸುಮಾರು 13,800 ಕಿಲೋಮೀಟರ್ ಆಗುತ್ತದೆ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಭಾಗಿಸಿ ನೋಡಿದರೆ ಹದಿನೈದೂವರೆ ಗಂಟೆಯೊಳಗೆ ಪ್ರಯಾಣ ಮುಗಿಯಬೇಕು. ಆದರೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಿಂದ ಹೊರಟವರು ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ಬಾಗಿಲು ದಾಟಿ ಹೊರಬರುವಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಮೇಲೆ ಇನ್ನೂ ಒಂದೆರಡು ಗಂಟೆ ಹಿಡಿದಿರುತ್ತದೆ. ದೂರದ ಲೆಕ್ಕ ಭೂಮಿಯ ಆಕಾರದಿಂದ ಬರುತ್ತದೆ, ಅದು ಬದಲಾಗುವಂಥದ್ದಲ್ಲ. ಸಮಯದ ಲೆಕ್ಕವನ್ನು ಮಾತ್ರ ಮಾರ್ಗ, ಗಾಳಿ, ದೇಶಗಳ ನಡುವಿನ ಸಂಬಂಧ ಮತ್ತು ನಿಲ್ದಾಣಗಳಲ್ಲಿ ಕಾಯುವ ಹೊತ್ತು ಸೇರಿ ಕಟ್ಟುತ್ತವೆ. ಮಕ್ಕಳು ಮೊಮ್ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳಿಗೆ ಈ ಎರಡು ಲೆಕ್ಕಗಳೂ ತಿಳಿದಿರುವುದು ಒಳ್ಳೆಯದು.

ಹತ್ತರಗಿಯ ಸುತ್ತಲಿನ ನಿಲ್ದಾಣಗಳು

ಹತ್ತರಗಿ ಇರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ. ಹಿಂದೆ ಇದೇ ರಸ್ತೆಗೆ ಎನ್‌ಎಚ್ 4 ಎಂಬ ಹೆಸರಿತ್ತು. ಬೆಳಗಾವಿಗೂ ಸಂಕೇಶ್ವರಕ್ಕೂ ಓಡಾಡುವವರಿಗೆ ಇಲ್ಲಿನ ಟೋಲ್ ನಾಕಾ ಚೆನ್ನಾಗಿ ಗೊತ್ತು. ಇಲ್ಲಿಂದ ದಕ್ಷಿಣಕ್ಕೆ ವಂಟಮುರಿ, ಕಾಕತಿ ದಾಟಿ ಬೆಳಗಾವಿ ಸೇರಿ, ಅಲ್ಲಿಂದ ಬಾಗಲಕೋಟೆ ರಸ್ತೆ ಹಿಡಿದು ಪೂರ್ವಕ್ಕೆ ಹತ್ತು ಕಿ.ಮೀ. ಹೋದರೆ ಸಾಂಬ್ರಾ ನಿಲ್ದಾಣ. ಉತ್ತರಕ್ಕೆ ಸಂಕೇಶ್ವರ, ನಿಪ್ಪಾಣಿ, ಕಾಗಲ್ ದಾಟಿದರೆ ಕೊಲ್ಹಾಪುರದ ಛತ್ರಪತಿ ರಾಜಾರಾಮ್ ಮಹಾರಾಜ್ ನಿಲ್ದಾಣ. ಈ ಎರಡು ನಿಲ್ದಾಣಗಳ ನಡುವೆ ನೇರ ಗೆರೆಯಲ್ಲಿ ಸುಮಾರು 95 ಕಿ.ಮೀ. ಅಂತರವಿದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದವರಿಗೆ ಸಾಮಾನ್ಯವಾಗಿ ಸಾಂಬ್ರಾವೇ ಹತ್ತಿರ.

ಎರಡೂ ಹಳೆಯ ನಿಲ್ದಾಣಗಳೇ. ಕೊಲ್ಹಾಪುರದ್ದು ಸಂಸ್ಥಾನದ ಕಾಲದಲ್ಲಿ, 1939ರಲ್ಲಿ ಆರಂಭವಾಯಿತು. ಸಾಂಬ್ರಾದ್ದನ್ನು ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರ ರಾಯಲ್ ಏರ್ ಫೋರ್ಸ್ ಕಟ್ಟಿಸಿತು. ಇಂದಿಗೂ ಅದರ ಪಕ್ಕದಲ್ಲಿ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರವಿದೆ. ಪ್ರಯಾಣಿಕರ ಹೊಸ ಟರ್ಮಿನಲ್ 2017ರ ಸೆಪ್ಟೆಂಬರ್‌ನಲ್ಲಿ ತೆರೆಯಿತು. ಉಡಾನ್ ಯೋಜನೆಯಡಿ 2019ರಿಂದ ಇಲ್ಲಿಗೆ ಬಂದು ಹೋಗುವ ವಿಮಾನಗಳು ಹೆಚ್ಚಿದವು.

ಸಾಂಬ್ರಾದಿಂದ ನೇರವಾಗಿ ಅಮೆರಿಕಕ್ಕೆ ಹಾರಲು ಆಗದಿರುವುದಕ್ಕೆ ಪ್ರಯಾಣಿಕರ ಸಂಖ್ಯೆಯ ಜೊತೆಗೆ ರನ್‌ವೇಯ ಉದ್ದವೂ ಕಾರಣ. ಇಲ್ಲಿನ ರನ್‌ವೇ ಸುಮಾರು 2,300 ಮೀಟರ್ ಉದ್ದವಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳು ತಲಾ 4,000 ಮೀಟರ್ ಇವೆ. ಖಂಡಾಂತರ ಹಾರುವ ಬೋಯಿಂಗ್ 777-200 ಎಲ್‌ಆರ್ ವಿಮಾನ ಪೂರ್ತಿ ಭಾರ ಹೊತ್ತಾಗ 347 ಟನ್ ತೂಗುತ್ತದೆ. ಅದರ ಟ್ಯಾಂಕುಗಳು ತುಂಬಿದ್ದರೆ ಆ ತೂಕದ ಐದು ಪಾಲಿನಲ್ಲಿ ಎರಡು ಪಾಲು ಇಂಧನದ್ದೇ. ಅಷ್ಟು ಭಾರ ಎತ್ತಲು ಉದ್ದನೆಯ ಓಟ ಬೇಕು. ಸಾಂಬ್ರಾ ಸಮುದ್ರಮಟ್ಟದಿಂದ 750 ಮೀಟರ್‌ಗೂ ಮೇಲಿದೆ, ಬೆಂಗಳೂರು 900 ಮೀಟರ್‌ಗೂ ಮೇಲಿದೆ. ಎತ್ತರದ ಜಾಗದಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆಯಾಗಿ ಓಟ ಇನ್ನಷ್ಟು ಉದ್ದವಾಗುತ್ತದೆ. ಹೀಗಾಗಿ ಸಾಂಬ್ರಾದಿಂದ ಅಮೆರಿಕಕ್ಕೆ ಹೊರಟವರ ಪ್ರಯಾಣ ಕನಿಷ್ಠ ಎರಡು ಹಾರಾಟಗಳದು.

ದೂರ ಅಳೆಯುವ ಬಗೆ

ಪ್ರತಿ ನಿಲ್ದಾಣಕ್ಕೂ ಒಂದು ಅಕ್ಷಾಂಶ, ಒಂದು ರೇಖಾಂಶ ಇರುತ್ತದೆ. ಸಾಂಬ್ರಾ ಉತ್ತರ ಅಕ್ಷಾಂಶ 15.86 ಡಿಗ್ರಿ, ಪೂರ್ವ ರೇಖಾಂಶ 74.62 ಡಿಗ್ರಿಯಲ್ಲಿದೆ. ಕೆಂಪೇಗೌಡ ನಿಲ್ದಾಣ ಉತ್ತರ 13.20, ಪೂರ್ವ 77.71ರಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ಉತ್ತರ 37.62, ಪಶ್ಚಿಮ 122.38ರಲ್ಲಿದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ, ಈ ಅಂಕಿಗಳಿಂದ ತ್ರಿಕೋನಮಿತಿಯ ಒಂದು ಸೂತ್ರದ ಮೂಲಕ ಯಾವ ಎರಡು ನಿಲ್ದಾಣಗಳ ದೂರವನ್ನಾದರೂ ಕಂಡುಹಿಡಿಯಬಹುದು. ಭೂಮಿಯ ನಡುವಿನ ಮೂಲಕ ಹಾದು ಅದನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತಕ್ಕೆ ಮಹಾವೃತ್ತ ಎನ್ನುತ್ತಾರೆ. ಗೋಲದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಆ ವೃತ್ತದ ಒಂದು ತುಂಡೇ ಆಗಿರುತ್ತದೆ.

ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆ ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿಗೆ ಸಮ, ಅಂದರೆ 1.852 ಕಿ.ಮೀ. ಪೈಲಟ್‌ಗಳು ದೂರವನ್ನು ಈ ಮೈಲಿಯಲ್ಲೇ ಲೆಕ್ಕ ಹಾಕುತ್ತಾರೆ. ಗಂಟೆಗೆ ಇಂತಿಷ್ಟು ನಾಟಿಕಲ್ ಮೈಲಿ ಎಂಬ ವೇಗದ ಅಳತೆಗೆ ನಾಟ್ ಎಂದು ಹೆಸರು.

ಬೆಳಗಾವಿ–ಬೆಂಗಳೂರು ಜೋಡಿಯನ್ನೇ ನೋಡಿದರೆ ಆಕಾಶದ ದೂರ ನೆಲದ ದೂರಕ್ಕಿಂತ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಸಾಂಬ್ರಾದಿಂದ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 444 ಕಿ.ಮೀ. ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಹಾದು ಹೋಗುವ ಹೆದ್ದಾರಿಯಲ್ಲಿ ಬೆಳಗಾವಿಯಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು. ರೈಲು ಹಳಿಯ ಮೇಲೆ 611 ಕಿ.ಮೀ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ರೈಲು ಈ ದೂರ ಕ್ರಮಿಸಲು ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ ಬಸ್ಸಿಗೆ ಸಾಮಾನ್ಯವಾಗಿ ಒಂಬತ್ತು ಹತ್ತು ಗಂಟೆ ಬೇಕು. ವಿಮಾನದ ಟಿಕೆಟ್ಟಿನ ಮೇಲೆ ಒಂದೂಕಾಲು ಗಂಟೆಯ ಆಸುಪಾಸಿನ ಸಮಯ ಇರುತ್ತದೆ.

ಭೂಮಿಯ ಸುತ್ತಳತೆ 40,000 ಕಿ.ಮೀ. ಆಗಿರುವುದರಿಂದ ಯಾವ ಎರಡು ನಿಲ್ದಾಣಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದು. ಹತ್ತರಗಿಯಿಂದ ಭೂಮಿಯ ನಡುವೆ ಹಾದು ಆಚೆ ಬದಿಗೆ ಗೆರೆ ಎಳೆದರೆ ಅದು ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಪೆಸಿಫಿಕ್ ಸಾಗರದಲ್ಲಿ ಹೊರಬೀಳುತ್ತದೆ. ಹಾಗಾಗಿ ಕರ್ನಾಟಕಕ್ಕೆ ಅತಿ ದೂರದ ಜನವಸತಿಗಳು ಆ ಸಾಗರದ ದ್ವೀಪಗಳಲ್ಲಿ ಮತ್ತು ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿವೆ. ಪೆರು ದೇಶದ ರಾಜಧಾನಿ ಲಿಮಾ ಬೆಂಗಳೂರಿನಿಂದ ಸುಮಾರು 17,300 ಕಿ.ಮೀ. ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಅದಕ್ಕಿಂತ ಮೂರು ಸಾವಿರ ಕಿ.ಮೀ.ಗೂ ಹೆಚ್ಚು ಹತ್ತಿರ.

ಗೋಡೆಯ ನಕ್ಷೆ ಮತ್ತು ಗೋಲ

ಶಾಲೆಯ ಗೋಡೆಗೆ ನೇತುಹಾಕಿದ ಪ್ರಪಂಚದ ನಕ್ಷೆಯಲ್ಲಿ ಅಮೆರಿಕ ಎಡಗಡೆ ಕೊನೆಯಲ್ಲಿ ಕಾಣುತ್ತದೆ. ಅಲ್ಲಿಗೆ ಹೋಗಬೇಕಾದರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೆ ಹೋಗಬೇಕು ಎನಿಸುತ್ತದೆ. ಅದೇ ಶಾಲೆಯ ಗೋಲವನ್ನು ತೆಗೆದುಕೊಂಡು ಬೆಳಗಾವಿಯ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಹಿಡಿದು ಬಿಗಿಯಾಗಿ ಎಳೆದರೆ ಬೇರೆಯೇ ದಾರಿ ಕಾಣುತ್ತದೆ. ದಾರ ಬೆಳಗಾವಿಯಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೋಗುತ್ತದೆ. ದೆಹಲಿಗೂ ಬರೇಲಿಗೂ ನಡುವೆ ಹಾದು, ಹಿಮಾಲಯ ದಾಟಿ, ಮಧ್ಯ ಏಷ್ಯಾ, ಸೈಬೀರಿಯಾ ಮುಗಿಸಿ ಆರ್ಕ್ಟಿಕ್ ಸಾಗರದ ಅಂಚಿನಲ್ಲಿ 74 ಡಿಗ್ರಿ ಉತ್ತರದವರೆಗೆ ಏರುತ್ತದೆ. ಅಲ್ಲಿಂದ ಅಲಾಸ್ಕಾ ಮೇಲೆ ಕೆಳಗಿಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಚಪ್ಪಟೆ ನಕ್ಷೆಯಲ್ಲಿ ಧ್ರುವದ ಕಡೆಯ ಭಾಗಗಳು ಹಿಗ್ಗಿ ಕಾಣುವುದರಿಂದ ಈ ಹತ್ತಿರದ ದಾರಿ ಕಣ್ಣಿಗೆ ಬೀಳುವುದಿಲ್ಲ.

ಗೋಲದ ಈ ಲೆಕ್ಕ ಬೆಳಗಾವಿ ಭಾಗದವರಿಗೆ ಒಂದು ಉಪಯುಕ್ತ ಸಂಗತಿಯನ್ನು ತಿಳಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಬೆಂಗಳೂರಿಗಿಂತ ಸಾಂಬ್ರಾವೇ ಸುಮಾರು 180 ಕಿ.ಮೀ. ಹತ್ತಿರ. ಬೆಂಗಳೂರಿಗೆ ಹೋಗಿ ಅಲ್ಲಿಂದ ಹಾರುವವರು ಮೊದಲು ಗುರಿಯಿಂದ ದೂರ ಸರಿದು, ಆಮೇಲೆ ಆ ಕಡೆ ಹೊರಟಂತಾಗುತ್ತದೆ. ಸಾಂಬ್ರಾದಿಂದ ಹೊರಟು ಬೇರೆ ಬೇರೆ ಊರುಗಳ ಮೂಲಕ ಹೋದರೆ ಮಹಾವೃತ್ತದ ಲೆಕ್ಕದಲ್ಲಿ ಒಟ್ಟು ದೂರ ಹೀಗಾಗುತ್ತದೆ:

ದೆಹಲಿಯ ಮೂಲಕ: 1,434 + 12,382 = ಸುಮಾರು 13,820 ಕಿ.ಮೀ.
ಮುಂಬೈಯ ಮೂಲಕ: 403 + 13,511 = ಸುಮಾರು 13,910 ಕಿ.ಮೀ.
ಬೆಂಗಳೂರಿನ ಮೂಲಕ: 444 + 13,988 = ಸುಮಾರು 14,430 ಕಿ.ಮೀ.

ನೇರ ಗೆರೆಯ 13,800 ಕಿ.ಮೀ.ಗೆ ಹೋಲಿಸಿದರೆ ದೆಹಲಿಯ ದಾರಿಯಲ್ಲಿ ಬರುವ ಸುತ್ತು ಹತ್ತಿಪ್ಪತ್ತು ಕಿ.ಮೀ. ಮಾತ್ರ. ಬೆಂಗಳೂರಿನ ದಾರಿಯಲ್ಲಿ 600 ಕಿ.ಮೀ.ಗೂ ಮಿಕ್ಕಿದ ಸುತ್ತು ಬರುತ್ತದೆ, ಅಂದರೆ ಮುಕ್ಕಾಲು ಗಂಟೆಯ ಹಾರಾಟ. ಬೆಂಗಳೂರಿನಿಂದ ಹೊರದೇಶದ ಊರುಗಳ ಮೂಲಕ ಹೋದರೆ ಸುತ್ತು ಇನ್ನೂ ಬೆಳೆಯುತ್ತದೆ. ಬೆಂಗಳೂರಿನಿಂದ ದುಬೈ ಮೂಲಕ ಸುಮಾರು 15,700 ಕಿ.ಮೀ., ಜರ್ಮನಿಯ ಫ್ರಾಂಕ್‌ಫರ್ಟ್ ಮೂಲಕ ಸುಮಾರು 16,500, ಸಿಂಗಪುರದ ಮೂಲಕ 16,800ರ ಹತ್ತಿರ ಆಗುತ್ತದೆ. ಆದರೂ ಜನ ಈ ದಾರಿಗಳನ್ನು ಆರಿಸಿಕೊಳ್ಳುವುದಕ್ಕೆ ಟಿಕೆಟ್ ದರ, ವಿಮಾನದ ಲಭ್ಯತೆ, ನಡುವೆ ಕಾಲು ಚಾಚಿ ಕೂರಲು ಸಿಗುವ ಬಿಡುವು ಕಾರಣವಾಗುತ್ತವೆ.

ಗಾಳಿ ಕೊಡುವ ಸಮಯ, ಕಸಿಯುವ ಸಮಯ

ಹನ್ನೊಂದು ಕಿ.ಮೀ. ಎತ್ತರದಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ 56 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಅಲ್ಲಿ ಬೋಯಿಂಗ್ 777 ಶಬ್ದದ ವೇಗದ 84 ಶೇಕಡಾದಷ್ಟು, ಅಂದರೆ ಗಂಟೆಗೆ ಸುಮಾರು 890 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಚಲಿಸುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗ ಬದಲಾಗುತ್ತದೆ. 14,000 ಕಿ.ಮೀ. ಹಾರಾಟದಲ್ಲಿ ಉದ್ದಕ್ಕೂ ಗಂಟೆಗೆ 50 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ ಹದಿನೈದು ಗಂಟೆಯೊಳಗೆ ತಲುಪಬಹುದು. ಅದೇ ಗಾಳಿ ಎದುರಿನಿಂದ ಬೀಸಿದರೆ ಹದಿನಾರೂವರೆ ಗಂಟೆ ದಾಟುತ್ತದೆ. ದೂರ ಒಂದೇ ಇದ್ದರೂ ಹೋಗುವಾಗಿನ ಸಮಯ, ಬರುವಾಗಿನ ಸಮಯ ಬೇರೆಯಾಗುವುದು ಹೀಗೆ.

ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಬಿರುಸಾದ ಗಾಳಿಯ ಪ್ರವಾಹಗಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಈ ಗಾಳಿಯ ಬೆನ್ನೇರಿದರೆ ಉದ್ದದ ದಾರಿಯೇ ಬೇಗನೆ ಮುಗಿಯುವುದೂ ಉಂಟು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ದಾರಿಯನ್ನು ಬದಲಿಸಿತು. ಅಲ್ಲಿಯವರೆಗೆ ಅಟ್ಲಾಂಟಿಕ್ ಮೇಲೆ ಹೋಗುತ್ತಿದ್ದ ದಾರಿ ಸುಮಾರು 13,900 ಕಿ.ಮೀ. ಇತ್ತು. ಹೊಸದಾಗಿ ಹಿಡಿದ ಪೆಸಿಫಿಕ್ ದಾರಿ 15,300 ಕಿ.ಮೀ. ಉದ್ದ. ದಾರಿ 1,400 ಕಿ.ಮೀ. ಹೆಚ್ಚಾಯಿತು, ಪ್ರಯಾಣ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿದು ಸುಮಾರು ಎರಡು ಗಂಟೆ ಉಳಿಯಿತು. ನೆಲದ ಲೆಕ್ಕದಲ್ಲಿ ಅದು ಗಂಟೆಗೆ ಸರಾಸರಿ 1,055 ಕಿ.ಮೀ. ಓಡಿದಂತಾಯಿತು. ಮರಳಿ ಬರುವಾಗಲೂ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್ ಮೇಲೆ ದೆಹಲಿಗೆ ಬಂದರೆ ಭೂಮಿಯನ್ನೇ ಒಂದು ಸುತ್ತು ಹಾಕಿದ ಹಾಗೆ.

ಇದೇ ಮಾದರಿಯ ಬೋಯಿಂಗ್ 777-200 ಎಲ್‌ಆರ್ 2005ರ ನವೆಂಬರ್‌ನಲ್ಲಿ ಪರೀಕ್ಷಾ ಹಾರಾಟವೊಂದರಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವ ದಿಕ್ಕಿಗೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ ಲಂಡನ್ ತಲುಪಿತು. ಎಲ್ಲಿಯೂ ಇಳಿಯದೆ 22 ಗಂಟೆ 42 ನಿಮಿಷಗಳಲ್ಲಿ ಅದು ಹಾರಿದ್ದು 21,602 ಕಿ.ಮೀ. ಭೂಮಿಯ ಅರ್ಧ ಸುತ್ತಳತೆಗಿಂತ ಹೆಚ್ಚಿನ ಈ ಹಾರಾಟ ಪ್ರಯಾಣಿಕರ ವಿಮಾನವೊಂದರ ದಾಖಲೆಯಾಯಿತು. ಟಿಕೆಟ್ ಕೊಂಡು ಪ್ರಯಾಣಿಸಬಹುದಾದ ಅತಿ ಉದ್ದದ ಮಾರ್ಗಗಳ ಪೈಕಿ ಸಿಂಗಪುರ–ನ್ಯೂಯಾರ್ಕ್ ಹೆಸರುವಾಸಿ. ಏರ್‌ಬಸ್ ಎ350 ವಿಮಾನ 15,300 ಕಿ.ಮೀ.ಗೂ ಹೆಚ್ಚಿನ ಆ ದೂರವನ್ನು ಹದಿನೆಂಟೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ.

ಬೆಂಗಳೂರಿನ ಧ್ರುವಯಾನ

ಕರ್ನಾಟಕದ ನೆಲದಿಂದ ಅಮೆರಿಕಕ್ಕೆ ಎಲ್ಲೂ ಇಳಿಯದ ಸಂಪರ್ಕ ಮೊದಲು ಬಂದದ್ದು 2021ರ ಜನವರಿಯಲ್ಲಿ. ಏರ್ ಇಂಡಿಯಾದ ಮೊದಲ ವಿಮಾನ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿಯಿತು. ಬೋಯಿಂಗ್ 777-200 ಎಲ್‌ಆರ್ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರೇ. ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ನಾಲ್ವರು ಪೈಲಟ್‌ಗಳು ಸರದಿಯಂತೆ ವಿಮಾನ ನಡೆಸಿದರು. ಹದಿನೇಳು ಗಂಟೆಗೂ ಮೀರಿದ ಹಾರಾಟದಲ್ಲಿ ಒಬ್ಬರೋ ಇಬ್ಬರೋ ಉದ್ದಕ್ಕೂ ಎಚ್ಚರವಿರುವುದು ಸಾಧ್ಯವಿಲ್ಲವಾದ್ದರಿಂದ ಇಷ್ಟು ದೂರದ ವಿಮಾನಗಳಲ್ಲಿ ನಾಲ್ವರು ಇರುವುದು ವಾಡಿಕೆ.

ಧ್ರುವದ ಮೇಲಿನ ದಾರಿ ಭಾರತೀಯ ವಿಮಾನಗಳಿಗೆ ಅದಕ್ಕಿಂತ ಸ್ವಲ್ಪ ಮುಂಚೆಯಷ್ಟೇ ತೆರೆದಿತ್ತು. 2019ರ ಆಗಸ್ಟ್ 15ರಂದು ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಧ್ರುವ ಪ್ರದೇಶದ ಮೇಲೆ ಹಾರಿತ್ತು. ಈ ದಾರಿಗೆ ವಿಶೇಷ ಸಿದ್ಧತೆ ಬೇಕಾಗುತ್ತದೆ. ವಿಮಾನದ ಇಂಧನವಾದ ಜೆಟ್ ಎ-1 ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಟ್ಯಾಂಕಿನ ಇಂಧನ ಅಷ್ಟು ತಣ್ಣಗಾಗದಂತೆ ಪೈಲಟ್‌ಗಳು ಗಮನವಿಟ್ಟು, ಅಗತ್ಯಬಿದ್ದರೆ ಎತ್ತರವನ್ನೋ ವೇಗವನ್ನೋ ಬದಲಿಸುತ್ತಾರೆ. ಕಾಂತೀಯ ಧ್ರುವ ಹತ್ತಿರವಿರುವುದರಿಂದ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಭೂಮಧ್ಯರೇಖೆಯ ಮೇಲೆ ನಿಂತಂತಿರುವ ಸಂಪರ್ಕ ಉಪಗ್ರಹಗಳು 81 ಡಿಗ್ರಿ ಅಕ್ಷಾಂಶದಾಚೆ ದಿಗಂತದ ಕೆಳಗೆ ಮರೆಯಾಗುವುದರಿಂದ ಎಚ್‌ಎಫ್ ರೇಡಿಯೊ ಬಳಸಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ಇಳಿಯಬಹುದಾದ ನಿಲ್ದಾಣಗಳು ಅಲ್ಲಿ ವಿರಳ. ಇಳಿಯಬೇಕಾಗಿ ಬಂದರೆ ಹೊರಗೆ ಕಾಲಿಡಲು ಚಳಿ ತಡೆಯುವ ವಿಶೇಷ ಉಡುಪುಗಳನ್ನು ವಿಮಾನದಲ್ಲೇ ಇಟ್ಟಿರುತ್ತಾರೆ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಮಹಾವೃತ್ತ 71 ಡಿಗ್ರಿ ಉತ್ತರದವರೆಗೆ ಮಾತ್ರ ಏರುತ್ತದೆ. ಹಾಗಿದ್ದೂ ಮೊದಲ ವಿಮಾನ ಧ್ರುವವನ್ನೇ ದಾಟಿತು. ಪ್ರತಿ ದಿನ ಹೊರಡುವ ಮುನ್ನ ಆ ಹೊತ್ತಿನ ಗಾಳಿಯ ನಕ್ಷೆ ನೋಡಿ ದಾರಿ ಗೊತ್ತುಮಾಡುತ್ತಾರೆ. ಎದುರುಗಾಳಿ ತಪ್ಪುವುದಾದರೆ ಗೆರೆ ಬಿಟ್ಟು ಕೆಲವು ನೂರು ಕಿ.ಮೀ. ಸುತ್ತಿದರೂ ಇಂಧನ ಉಳಿಯುತ್ತದೆ.

ಮುಚ್ಚಿದ ಆಕಾಶ

ವಿಮಾನ ಹಾದುಹೋಗುವ ಪ್ರತಿ ದೇಶದ ಅನುಮತಿ ಬೇಕು, ಅದಕ್ಕೆ ಶುಲ್ಕವನ್ನೂ ಕಟ್ಟಬೇಕು. ದೇಶಗಳ ಸಂಬಂಧ ಕೆಟ್ಟರೆ ಆಕಾಶವೂ ಮುಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಂತರ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಸಿಗದಾಯಿತು. ಬೆಂಗಳೂರಿನಿಂದ ಅಮೆರಿಕಕ್ಕೆ ಹತ್ತಿರದ ಗೆರೆ ಸೈಬೀರಿಯಾದ ಮೇಲೇ ಹಾದುಹೋಗುವುದರಿಂದ ಅಂಥ ಮಾರ್ಗಗಳು ಅಮೆರಿಕದ ಕಂಪನಿಗಳಿಗೆ ಕಠಿಣವಾದವು. 2020ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ಮಾರ್ಗವನ್ನೂ ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಮಾರ್ಗವನ್ನೂ ಘೋಷಿಸಿದ್ದವು. ಕೋವಿಡ್ ಕಾಲದಲ್ಲಿ ಅವು ಮುಂದೆ ಹೋದವು, ಆಮೇಲೆ ಆರಂಭವಾಗಲೇ ಇಲ್ಲ.

ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್ 24ರಿಂದ ಭಾರತೀಯ ವಿಮಾನಗಳಿಗೆ ಮತ್ತೆ ನಿಷೇಧ ಹೇರಿತು. ದೆಹಲಿಯಿಂದ ಯುರೋಪ್ ಮತ್ತು ಅಮೆರಿಕಕ್ಕೆ ಹೋಗುವ ವಿಮಾನಗಳು ಮೊದಲು ದಕ್ಷಿಣಕ್ಕೆ ತಿರುಗಿ ಅರಬ್ಬಿ ಸಮುದ್ರದ ಮೇಲೆ ಸುತ್ತಬೇಕಾಯಿತು. ಕೆಲವು ವಿಮಾನಗಳು ನಡುವೆ ಯುರೋಪಿನ ನಿಲ್ದಾಣಗಳಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಎರಡು ಊರುಗಳ ದೂರ ಒಂದು ಮೀಟರ್ ಕೂಡ ಹೆಚ್ಚಲಿಲ್ಲ, ಪ್ರಯಾಣಕ್ಕೆ ಮಾತ್ರ ಗಂಟೆಗಳು ಕೂಡಿಕೊಂಡವು. ಅಂತರರಾಷ್ಟ್ರೀಯ ಟಿಕೆಟ್ ಕೊಳ್ಳುವವರು ಹಳೆಯ ಅನುಭವದ ಸಮಯವನ್ನು ನಂಬದೆ ಆ ದಿನದ ವೇಳಾಪಟ್ಟಿಯನ್ನೇ ನೋಡಬೇಕಾದ್ದು ಇದೇ ಕಾರಣಕ್ಕೆ.

ಟಿಕೆಟ್ಟಿನಲ್ಲಿ ಬರೆದ ಸಮಯ

ಟಿಕೆಟ್ಟಿನ ಮೇಲಿನ ಪ್ರಯಾಣದ ಸಮಯ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನದಲ್ಲ. ನಿಂತ ಜಾಗದಲ್ಲಿ ಚಕ್ರದ ಬೆಣೆ ತೆಗೆದು ವಿಮಾನ ಕದಲಿದ ಕ್ಷಣದಿಂದ, ಇನ್ನೊಂದು ನಿಲ್ದಾಣದಲ್ಲಿ ನಿಂತು ಚಕ್ರಕ್ಕೆ ಮತ್ತೆ ಬೆಣೆ ಇಡುವವರೆಗಿನ ಸಮಯವನ್ನು ಅಲ್ಲಿ ಲೆಕ್ಕ ಹಿಡಿಯುತ್ತಾರೆ. ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವಾಗ ನಿಧಾನವಾಗುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ತಡವಾದೀತೆಂದು ಕಂಪನಿಗಳು ಕೆಲವು ನಿಮಿಷ ಹೆಚ್ಚಿಗೆ ಇಟ್ಟಿರುವುದೂ ಉಂಟು.

ಹತ್ತಿರದ ಹಾರಾಟಗಳಲ್ಲಿ ಈ ನಿಮಿಷಗಳ ಭಾರ ಎದ್ದು ಕಾಣುತ್ತದೆ. ಬೆಳಗಾವಿ–ಬೆಂಗಳೂರು ನಡುವಿನ 444 ಕಿ.ಮೀ.ಯನ್ನು ಜೆಟ್ ವಿಮಾನ ಪೂರ್ತಿ ವೇಗದಲ್ಲಿ ಹಾರಿದರೆ ಅರ್ಧ ಗಂಟೆಯಷ್ಟೇ ಸಾಕು. ಒಂದೂಕಾಲು ಗಂಟೆ ಬೇಕಾಗುವುದರಿಂದ ಸರಾಸರಿ ವೇಗ ಗಂಟೆಗೆ 355 ಕಿ.ಮೀ.ಗೆ ಇಳಿಯುತ್ತದೆ. ಪಂಖ ತಿರುಗುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿದ್ದರೂ ಈ ದಾರಿಯಲ್ಲಿ ಅದು ಜೆಟ್‌ಗಿಂತ ಕಾಲು ಗಂಟೆಯಷ್ಟೇ ಹಿಂದೆ ಬೀಳುತ್ತದೆ. ಹದಿನಾರು ಗಂಟೆಯ ಹಾರಾಟದಲ್ಲಿ ಇದೇ ಅರ್ಧ, ಮುಕ್ಕಾಲು ಗಂಟೆ ಗಮನಕ್ಕೇ ಬರುವುದಿಲ್ಲ.

ವಿಮಾನಯಾನದ ಮೊದಲ ದಿನಗಳಲ್ಲಿ ನಡುನಡುವೆ ಇಳಿಯುವುದೇ ಪ್ರಯಾಣದ ದೊಡ್ಡ ಪಾಲಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತ ಪುಟ್ಟ ವಿಮಾನವನ್ನು ತಂದಾಗ, ಅಲ್ಲಿಂದ ಮುಂದೆ ಮದ್ರಾಸಿಗೆ ಹೋಗುವ ದಾರಿಯಲ್ಲಿ ಬಳ್ಳಾರಿ ನಿಲುಗಡೆಯಾಗಿತ್ತು. ಇಂದಿನ ಜೆಟ್ ವಿಮಾನಕ್ಕೆ ಎರಡು ಗಂಟೆಯೊಳಗಿನ ಮುಂಬೈ–ಮದ್ರಾಸು ದಾರಿಗೆ ಅಂದು ಬಳ್ಳಾರಿಯಲ್ಲಿ ರಾತ್ರಿ ತಂಗಬೇಕಿತ್ತು.

ಗಡಿಯಾರದ ಲೆಕ್ಕ

ಭಾರತದ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಕ್ಯಾಲಿಫೋರ್ನಿಯಾದ್ದು ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಏಳು ಗಂಟೆ ಹಿಂದೆ ಇರುತ್ತದೆ. ಹಾಗಾಗಿ ಹತ್ತರಗಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆದರೆ ಪ್ರಯಾಣದ ಸಮಯ ಸಿಗುವುದಿಲ್ಲ.

2021ರ ಮೊದಲ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ವೇಳಾಪಟ್ಟಿಯಂತೆ ಅದು ಜನವರಿ 9ರ ರಾತ್ರಿ ಎಂಟೂವರೆಗೆ ಹೊರಡಬೇಕಿತ್ತು. ಆಗ ಬೆಂಗಳೂರಿನಲ್ಲಿ ಜನವರಿ 10ರ ಬೆಳಿಗ್ಗೆ ಹತ್ತು ಗಂಟೆ. ಹದಿನೇಳು ಚಿಲ್ಲರೆ ಗಂಟೆ ಕೂಡಿಸಿದರೆ ಜನವರಿ 11ರ ನಸುಕು. ಕ್ಯಾಲೆಂಡರಿನಲ್ಲಿ ಎರಡು ದಿನ ದಾಟಿದಂತೆ ಕಂಡರೂ ಹಾರಿದ್ದು ಮುಕ್ಕಾಲು ದಿನದೊಳಗೆ. ಬೆಂಗಳೂರಿನಿಂದ ಹೋಗುವಾಗ ಇದರ ಉಲ್ಟಾ. ಸೋಮವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಚಳಿಗಾಲದಲ್ಲಿ ಅದೇ ಸೋಮವಾರ ಸಂಜೆ ನಾಲ್ಕೂವರೆ ಆಗಿರುತ್ತದೆ. ಹಗಲು–ರಾತ್ರಿ ಅದಲುಬದಲಾಗುವುದರಿಂದ ದೇಹ ಹೊಸ ಗಡಿಯಾರಕ್ಕೆ ಒಗ್ಗಲು ಒಂದು ವಾರವಾದರೂ ಬೇಕು. ವಯಸ್ಸಾದವರು, ಹೊತ್ತಿಗೆ ಸರಿಯಾಗಿ ಔಷಧಿ ತೆಗೆದುಕೊಳ್ಳುವವರು ಹೊರಡುವ ಮುನ್ನ ಮಾತ್ರೆಯ ವೇಳೆಯ ಬಗ್ಗೆ ವೈದ್ಯರನ್ನು ಕೇಳಿಕೊಳ್ಳುವುದು ಅಗತ್ಯ.

ಮನೆಬಾಗಿಲಿನಿಂದ ಹಿಡಿದ ಲೆಕ್ಕ

ಇಷ್ಟನ್ನೂ ಒಟ್ಟುಗೂಡಿಸಿ, ಬೆಂಗಳೂರಿನಿಂದ ನೇರ ವಿಮಾನ ಸಿಕ್ಕಿತೆಂದು ಇಟ್ಟುಕೊಂಡರೆ, ಹತ್ತರಗಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗಿನ ಲೆಕ್ಕ ಹೆಚ್ಚುಕಡಿಮೆ ಹೀಗೆ ಬರುತ್ತದೆ:

ಹತ್ತರಗಿಯಿಂದ ಸಾಂಬ್ರಾ, ರಸ್ತೆಯಲ್ಲಿ ಸುಮಾರು 45 ಕಿ.ಮೀ.: ಒಂದೂಕಾಲು ಗಂಟೆ
ಸಾಂಬ್ರಾದಲ್ಲಿ ಚೆಕ್-ಇನ್ ಮತ್ತು ತಪಾಸಣೆ: 2 ಗಂಟೆ
ಸಾಂಬ್ರಾದಿಂದ ಬೆಂಗಳೂರು: ಒಂದೂಕಾಲು ಗಂಟೆ
ಬೆಂಗಳೂರಿನಲ್ಲಿ ಟರ್ಮಿನಲ್ ಬದಲಾವಣೆ, ಇಮಿಗ್ರೇಷನ್, ಕಾಯುವುದು: 4 ಗಂಟೆ
ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: 16 ಗಂಟೆ
ಅಲ್ಲಿನ ಇಮಿಗ್ರೇಷನ್, ಸಾಮಾನು, ಕಸ್ಟಮ್ಸ್: ಒಂದೂವರೆ ಗಂಟೆ

ಒಟ್ಟು 26 ಗಂಟೆ. ಇದರಲ್ಲಿ ವಿಮಾನದೊಳಗೆ ಕಳೆಯುವುದು ಹದಿನೇಳೂಕಾಲು ಗಂಟೆ, ಮಿಕ್ಕ ಮೂರನೇ ಒಂದು ಪಾಲು ನೆಲದ ಮೇಲೇ. ದಾರಿಯುದ್ದಕ್ಕೂ ಲೆಕ್ಕ ಹಾಕಿದರೆ ಸರಾಸರಿ ವೇಗ ಗಂಟೆಗೆ 560 ಕಿ.ಮೀ. ಮುಟ್ಟುವುದಿಲ್ಲ. ದುಬೈಯಂಥ ಊರಿನಲ್ಲಿ ವಿಮಾನ ಬದಲಿಸಿದರೆ ಇನ್ನೂ ಏಳೆಂಟು ಗಂಟೆ ಸೇರಿ 33 ಗಂಟೆಯ ಹತ್ತಿರ ಬರುತ್ತದೆ.

ದೂರದ ಹಾರಾಟದಲ್ಲಿ ಗಾಳಿಯನ್ನೂ ದೇಶಗಳ ಗಡಿಯನ್ನೂ ಪ್ರಯಾಣಿಕ ಬದಲಿಸಲಾರ. ಅವನ ಕೈಯಲ್ಲಿರುವುದು ನೆಲದ ಮೇಲಿನ ಆ ಮೂರನೇ ಒಂದು ಪಾಲು. ಸಾಂಬ್ರಾದ ವಿಮಾನವೂ ವಿದೇಶದ ವಿಮಾನವೂ ಒಂದೇ ಟಿಕೆಟ್ಟಿನಲ್ಲಿದ್ದರೆ ಸಾಮಾನ್ಯವಾಗಿ ಸಾಮಾನನ್ನು ಮುಂದಿನ ವಿಮಾನಕ್ಕೆ ಕಂಪನಿಯೇ ದಾಟಿಸುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಹೊಣೆಯೂ ಅದರದೇ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಸಾಮಾನು ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ತಪ್ಪಿದ ವಿಮಾನದ ನಷ್ಟವನ್ನೂ ತಾನೇ ಹೊರಬೇಕು. ಅಂಥವರು ನಡುವೆ ಐದಾರು ಗಂಟೆಯ ಬಿಡುವು ಇಟ್ಟುಕೊಳ್ಳುವುದು ಕ್ಷೇಮ. ಬೆಳಗಿನ ಮಂಜು, ಮಳೆಗಾಲದ ಮೋಡ ಇರುವ ದಿನಗಳಲ್ಲಿ ಸಣ್ಣ ನಿಲ್ದಾಣದ ವಿಮಾನ ತಡವಾಗುವ ಸಂಭವ ಹೆಚ್ಚು. ಹಿಂದಿನ ದಿನವೇ ರೈಲು ಅಥವಾ ಬಸ್ಸಿನಲ್ಲಿ ಬೆಂಗಳೂರು ಸೇರಿಕೊಳ್ಳುವವರ ಲೆಕ್ಕಾಚಾರವೂ ಇದೇ. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಸಾಮಾನು ಪಡೆದು ಕಸ್ಟಮ್ಸ್ ದಾಟಬೇಕಾದ್ದರಿಂದ, ಅಲ್ಲಿಂದ ಮುಂದೆ ಇನ್ನೊಂದು ಊರಿಗೆ ಹಾರುವವರು ಕನಿಷ್ಠ ಎರಡು ಮೂರು ಗಂಟೆಯ ಅಂತರವಿರುವ ಟಿಕೆಟ್ ಕೊಳ್ಳಬೇಕು.